ಸ್ಟೋರಕ್ಕನ ಬಗ್ಗೆ ನಾಲ್ಕು ಮಾತು

ನೀರಿನ ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಯಾರೇ ಕೆಲಸ ಬಿಟ್ಟು ಹೊರಟರೂ ನಾಲ್ಕು ಒಳ್ಳೆಯ ಮಾತಾಡುವ ಜವಾಬ್ದಾರಿ ಸ್ಟೋರಕ್ಕನದು. ಹಾಗಂತ ಯಾರೂ ಆದೇಶ ಹೊರಡಿಸಿರಲಿಲ್ಲ. ಬಿಡಿಭಾಗಗಳ ಸ್ಟೋರಿನಲ್ಲಿ ಮೂವತ್ಮೂರು ವರ್ಷದಿಂದ ಕೂತ ಹೆಂಗಸು. ವಾಷರ್ ಬೇಕೆಂದರೂ ಬೇರಿಂಗ್ ಬೇಕೆಂದರೂ ಎಲ್ಲರೂ ಅವಳ ಕಿಟಕಿಗೇ ಬರಬೇಕು. ಹೀಗಾಗಿ ಯಾರು ಎಂಥವರೆಂದು ಅವಳಿಗೆ ಗೊತ್ತಿರುತ್ತಿತ್ತು. ಆಗೆಲ್ಲ ವರ್ಷಕ್ಕೆ ಒಬ್ಬರೋ ಇಬ್ಬರೋ ನಿವೃತ್ತರಾಗುತ್ತಿದ್ದರು. ವಾರ ಮೊದಲೇ ಮನಸ್ಸಿನಲ್ಲಿ ಮಾತು ಕೂಡಿಸಿಕೊಂಡು, ಆ ಮನುಷ್ಯ ಮೊದಲ ಸಲ ಕಿಟಕಿಗೆ ಬಂದ ದಿನ ತೊಟ್ಟಿದ್ದ ಅಂಗಿಯ ಬಣ್ಣದಿಂದ ಶುರುಮಾಡುತ್ತಿದ್ದಳು. ಕ್ಯಾಂಟೀನಿನಲ್ಲಿ ಕೂತ ಗಟ್ಟಿ ಆಳುಗಳೂ ಮೂಗು ಒರೆಸಿಕೊಳ್ಳುತ್ತಿದ್ದರು.

ಈಗ ತಿಂಗಳಿಗೆ ಮೂವರು ಹೊರಡುತ್ತಾರೆ. ಒಬ್ಬರದು ಎಂಟು ತಿಂಗಳು, ಇನ್ನೊಬ್ಬರದು ಐದು. ಎಂಟು ತಿಂಗಳಲ್ಲಿ ಮನುಷ್ಯನ ಬಗ್ಗೆ ತಿಳಿಯುವುದಾದರೂ ಏನು? ಚಹಾಕ್ಕೆ ಸಕ್ಕರೆ ಬೇಕೋ ಬೇಡವೋ, ಅಷ್ಟೇ. ಆದರೂ ಸ್ಟೋರಕ್ಕ ಮಾತಾಡಿದಳು. ಕಳೆದ ವರ್ಷ ಹೊರಟ ಎಲೆಕ್ಟ್ರಿಷಿಯನ್ನನ್ನು, ಕೆಟ್ಟು ನಿಂತ ಕ್ರೇನನ್ನು ಒಂದೇ ದಿನದಲ್ಲಿ ಎಬ್ಬಿಸಿದವನೆಂದು ಬಾಯ್ತುಂಬ ಹೊಗಳಿದಳು. ಅವನು ಹೂಗುಚ್ಛ ಹಿಡಿದುಕೊಂಡು ಅವಳ ಕಿವಿಯ ಹತ್ತಿರ ಬಗ್ಗಿ, ಅದು ನನಗಿಂತ ಮುಂಚೆ ಇದ್ದವರು ಮೇಡಂ ಎಂದ. ಅವಮಾನದಿಂದ ಅವಳ ಮೈ ಉರಿದುಹೋಯಿತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಳು, ಹೊಸಬರ ಹೆಸರು ಕೇಳುವುದನ್ನೂ ಬಿಟ್ಟಳು. ಕಾರ್ಖಾನೆಯೇನೂ ನಿಲ್ಲಲಿಲ್ಲ.

ಮನೆಯಲ್ಲಿ ಈ ಸಿಟ್ಟೆಲ್ಲ ಮಗಳ ಮೇಲೆ ಹೊರಳುತ್ತಿತ್ತು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್, ಆರು ವರ್ಷಕ್ಕೆ ಇದು ನಾಲ್ಕನೆಯ ಲ್ಯಾಬು. ನಿಮಗೆಲ್ಲ ಕಾಲಿಗೆ ಚಕ್ರ ಕಟ್ಟಿದ್ದಾರೆ ಎಂದು ತಾಯಿ ಮೂಗು ಮುರಿದರೆ ಮಗಳೂ ಬಿಟ್ಟುಕೊಡುವವಳಲ್ಲ.

"ನಾನೇನು ಓಡಿಹೋದ್ನಾ ಅಮ್ಮಾ? ಮೊದಲಿನ ಮೂರೂ ಕಡೆ ಒಂದು ವರ್ಷದ ಕೆಲಸಕ್ಕೇ ಕಾಗದ ಕೊಟ್ಟಿದ್ದು. ವರ್ಷ ಮುಗಿಯೋಕೆ ಮುಂಚೆ ಬೇರೆ ಕಡೆ ನೋಡ್ಕೊಳ್ದೆ ಅಲ್ಲೇ ಕೂತಿರ್ಬೇಕಿತ್ತಾ?"

ಮಗಳು ಹೇಳುವುದು ನಿಜವೆಂದು ಸ್ಟೋರಕ್ಕನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ರೇಗುತ್ತಿತ್ತು.

ಅವಳದೇ ನಿವೃತ್ತಿಗೆ ಮೂರು ವಾರವಿದ್ದಾಗ ಸಿಬ್ಬಂದಿ ವಿಭಾಗದ ಹುಡುಗಿ ಕಿಟಕಿಗೆ ಬಂದಳು. ಆ ಹುಡುಗಿ ಸೇರಿ ನಾಲ್ಕು ತಿಂಗಳಾಗಿತ್ತು, ಒಳ್ಳೆಯ ನಗುಮುಖ. ಕೇಕು, ಶಾಲು, ಫೋಟೋ ಎಲ್ಲ ಏರ್ಪಾಟಾಗಿದೆ, ಮಾತಿನದೊಂದೇ ತೊಂದರೆ ಎಂದಳು.

"ಮೇಡಂ, ನಿಮ್ಮ ಬಗ್ಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ನೀವೇ ಒಂದು ಹಾಳೇಲಿ ಬರೆದುಕೊಟ್ರೆ ನಾವು ಓದ್ತೀವಿ."

ಬೇರೆಯವರಿಗಾಗಿ ಅರವತ್ತೆಪ್ಪತ್ತು ಸಲ ಎದ್ದು ನಿಂತವಳು ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳಬೇಕಂತೆ! ಹುಡುಗಿಯ ಮೇಲೆ ಕೂಗಾಡೋಣವೆಂದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸ್ಟೋರಕ್ಕ ಕಿಟಕಿಯ ಬಾಗಿಲೆಳೆದುಕೊಂಡು ಒಳಗೆ ಕೂತು ಲೆಕ್ಕ ಹಾಕಿದಳು. ಮ್ಯಾನೇಜರು ಬಂದು ಆರು ವಾರ. ಜೋಡಣೆ ವಿಭಾಗದಲ್ಲಿ ಎಲ್ಲರಿಗಿಂತ ಹಳಬನೆಂದರೆ ಎರಡು ವರ್ಷದವನು. ಅವಳ ಹಿಂದಿನ ದಿನಗಳನ್ನು ಕಂಡ ಒಂದೇ ಒಂದು ಕಣ್ಣೂ ಆ ಕಾರ್ಖಾನೆಯಲ್ಲಿ ಉಳಿದಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ. ಒಂದು ಸಂಗತಿಯನ್ನು ಯಾರಾದರೂ ಕಂಡವರು ಹೇಳಬೇಕಿತ್ತು. ಸ್ಟೋರಿಗೆ ಕಂಪ್ಯೂಟರ್ ಬಂದ ವರ್ಷ ಪಟ್ಟಿಯೆಲ್ಲ ಕಲಸಿಹೋಗಿ, ಯಾವ ಸಾಮಾನು ಎಲ್ಲಿದೆಯೆಂದು ತಿಳಿಯದೆ ಕೆಲಸ ನಿಲ್ಲುವ ಹಾಗಾಗಿತ್ತು. ಸ್ಟೋರಕ್ಕ ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದವಳು, ಎದ್ದು ಬಂದು ಒಂಬತ್ತು ದಿನ ಸ್ಟೂಲಿನ ಮೇಲೆ ಕೂತಳು. ಮೂರನೇ ರ‍್ಯಾಕು, ಕೆಳಗಿನ ಹಲಗೆ, ನೀಲಿ ಡಬ್ಬಿ ಎಂದು ಸಾವಿರಕ್ಕೂ ಹೆಚ್ಚು ಸಾಮಾನನ್ನು ನೆನಪಿನಿಂದಲೇ ತೋರಿಸಿದಳು. ಒಂದು ಗಂಟೆಯೂ ಕೆಲಸ ನಿಲ್ಲಲಿಲ್ಲ. ಅವಳು ಬೆರಳು ತೋರಿಸಿದಲ್ಲಿಂದ ಡಬ್ಬಿ ಇಳಿಸಿ ಕೊಟ್ಟವನು ಒಬ್ಬ ಫಿಟ್ಟರ್.

ಹನ್ನೆರಡು ವರ್ಷದ ಹಿಂದೆ, ಹೆಚ್ಚಿನ ಸಂಬಳಕ್ಕೆಂದು ಮೊಟ್ಟಮೊದಲು ಕಾರ್ಖಾನೆ ಬಿಟ್ಟವನೂ ಅವನೇ. ಕೈಕೊಟ್ಟು ಹೋಗುವವನಿಗೆ ಎಂಥ ಮಾತು ಎಂದು ಸ್ಟೋರಕ್ಕ ಅವನ ಬೀಳ್ಕೊಡುಗೆಗೆ ಹೋಗಿರಲೇ ಇಲ್ಲ. ಸುಮ್ಮನೆ ಹೋಗದಿದ್ದರೆ ಬೇರೆ ಮಾತು. ಕ್ಯಾಂಟೀನಿನಲ್ಲಿ ಚಪ್ಪಾಳೆ ಕೇಳುತ್ತಿರುವಾಗ ಸ್ಟೋರಿನಲ್ಲಿ ಕೂತು ನಟ್ಟು ಎಣಿಸಿದ್ದಳು.

ಎರಡು ದಿನ ಒದ್ದಾಡಿ, ಊಟದ ಬಿಡುವಿನಲ್ಲಿ ಅವನಿಗೆ ಫೋನು ಮಾಡಿದಳು. ದನಿ ಕೇಳಿದ್ದೇ ಗುರುತು ಹಿಡಿದ. ಅವಳು ವಿಷಯ ಹೇಳಿದಳು. ಬಂದು ಆ ಒಂಬತ್ತು ದಿನದ್ದು ಹೇಳ್ತೀಯಾ ಎಂದು ಕೇಳಿದಳು.

"ಬರ್ಬೇಕು ಅಂತ ತುಂಬಾ ಇದೆ ಅಕ್ಕಾ. ಆದ್ರೆ ಇದು ನನ್ನ ಐದನೇ ಕಂಪನಿ, ಸೇರಿ ಒಂದು ತಿಂಗಳಾಯ್ತು. ಮೂರು ತಿಂಗಳವರೆಗೆ ರಜಾನೇ ಇಲ್ಲ. ಈ ವಯಸ್ಸಲ್ಲಿ ಇದೂ ಹೋದ್ರೆ ನನ್ನ ಇನ್ಯಾರೂ ತಗೊಳ್ಳಲ್ಲ."

ಅವತ್ತು ನಾನು ಬರಬೇಕಿತ್ತು ಕಣೋ ಎಂದಳು ಸ್ಟೋರಕ್ಕ. ನಾನೂ ಬಾಗಿಲ ಕಡೆಗೇ ನೋಡ್ತಿದ್ದೆ ಅಕ್ಕಾ ಎಂದ ಅವನು.

ಸ್ಟೋರಕ್ಕ ಹಲ್ಲು ಕಚ್ಚಿಕೊಂಡು ಹಾಳೆ ತುಂಬಿಸಿದಳು. ಪ್ಲಾಸ್ಟರಿನ ಕಾಲು, ಒಂಬತ್ತು ದಿನ, ಡಬ್ಬಿ ಇಳಿಸಿಕೊಟ್ಟ ಫಿಟ್ಟರ್, ಎಲ್ಲವನ್ನೂ ಬರೆದಳು. ಕೊಡಲು ಹೋದರೆ ನಗುಮುಖದ ಹುಡುಗಿ ಹಿಂದಿನ ವಾರವೇ ಬೇರೆ ಕಡೆ ಸೇರಿಕೊಂಡಿದ್ದಳು. ಆ ಕುರ್ಚಿಯಲ್ಲಿದ್ದ ಯುವಕ ಹಾಳೆ ಇಸಿದುಕೊಂಡು, ನಿಮ್ಮದು ಯಾವ ವಿಭಾಗ ಮೇಡಂ ಎಂದು ವಿನಯದಿಂದಲೇ ಕೇಳಿದ.

ಕೊನೆಯ ದಿನ ಅವನು ಅದನ್ನು ಸ್ಪಷ್ಟವಾಗಿ, ಎಲ್ಲೂ ತಡವರಿಸದೆ ಓದಿದ. ಮೂರು ನಿಮಿಷ ಹಿಡಿಯಿತು. ಒಂಬತ್ತು ದಿನದ ಸಂಗತಿ ಬಂದಾಗ ಮುಂದಿನ ಸಾಲಿನಲ್ಲಿ ಯಾರೋ ಫೋನು ನೋಡುತ್ತಿದ್ದರು. ಓದಿ ಮುಗಿಸಿ, ಮೇಡಂ ಒಂದೆರಡು ಮಾತಾಡಲಿ ಎಂದು ಮೈಕು ಕೈಗಿತ್ತ. ಸ್ಟೋರಕ್ಕ ಹೆಗಲ ಮೇಲಿನ ಶಾಲು ತೆಗೆದು ಕುರ್ಚಿಗೆ ಹಾಕಿ ನಿಂತಳು.

"ಈಗ ಓದಿದ್ದೆಲ್ಲ ನಾನೇ ಬರೆದುಕೊಟ್ಟಿದ್ದು. ಅದು ನಿಜಾನೋ ಸುಳ್ಳೋ ಅಂತ ಹೇಳೋಕೆ ನಿಮ್ಮಲ್ಲಿ ಒಬ್ಬರೂ ಇಲ್ಲ."

ತಮಾಷೆ ಮಾಡಿದಳೆಂದುಕೊಂಡು ಎಲ್ಲರೂ ನಕ್ಕರು. ಆಮೇಲೆ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು.