ಅವ್ವನ ಎದೆಯಲ್ಲಿ ಆ ಉಸಿರು

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಆ ರಾತ್ರಿ ಸವಣೂರಿನ ನಮ್ಮ ಮನೆಯಲ್ಲಿ ಅದನ್ನು ಕೇಳಿದ್ದು ನನ್ನವೇ ಕಿವಿಗಳು. ಜೊತೆಗೆ ಇನ್ನೊಬ್ಬಳೂ ಇದ್ದಳು.

ಎಂಬತ್ತರ ದಶಕದ ಮಾತು. ನನ್ನ ತಮ್ಮ ಶಂಕ್ರಪ್ಪನ ಹೃದಯದ ಕವಾಟ ಕೆಟ್ಟು, ಮುಂಬಯಿಗೆ ಒಯ್ದಿದ್ದೆವು. ಆಪರೇಷನ್ ಮುಗಿಯುವ ತನಕ ಅವನ ಹೃದಯ ನಿಲ್ಲಿಸಿ, ಹೃದಯ ಮತ್ತು ಪುಪ್ಪುಸಗಳ ಕೆಲಸವನ್ನು ಒಂದು ಮಷೀನಿಗೆ ಒಪ್ಪಿಸಿದ್ದರು. ಹೃದಯವೇನೋ ಮತ್ತೆ ಬಡಿಯಿತು. ಪುಪ್ಪುಸದಲ್ಲಿ ಮಾತ್ರ ನೀರು ತುಂಬಿಕೊಂಡಿತು. ಆ ಮಷೀನಿಗೆ ಹಾಕಿದ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಗಂಟಲಿಗೆ ಕೊಳವೆ ಇಳಿಸಿ, ಇನ್ನೊಂದು ಮಷೀನಿನಿಂದ ಉಸಿರು ಕೊಡತೊಡಗಿದರು.

ಸುಯ್ಯ್... ಟಕ್... ಹುಸ್ಸ್.

ಹಗಲೂ ರಾತ್ರಿ ಅದೇ ಸದ್ದು. ಕೇಳಿ ಕೇಳಿ ನಾನು ಮರಗಟ್ಟಿದ್ದೆ. ಅಳು ಕೂಡ ಬರುತ್ತಿರಲಿಲ್ಲ.

"ನಿಮ್ಮವ್ವಾರು ಊರಾಗ ಒಬ್ರ ಅದಾರ. ನೀ ಹೋಗು, ಇವನ್ನ ನಾ ನೋಡ್ಕೋತೇನಿ," ಎಂದರು ನನ್ನ ಗಂಡ.

ಮರುದಿನ ಯಲವಿಗಿಯಲ್ಲಿ ರೈಲು ಇಳಿದಾಗ ಕತ್ತಲಾಗಿತ್ತು. ಕೊನೆಯ ಬಸ್ಸು ಹಿಡಿದು ಮನೆಗೆ ಬಂದೆ. ಬಾಗಿಲು ತೆರೆದವಳು ಪಕ್ಕದ ಮನೆಯ ಫಾತಿಮಕ್ಕ. ಅವ್ವನ ಜೊತೆಗೆಂದು ಮಲಗಲು ಬರುತ್ತಿದ್ದಳು.

"ಸಂಜಿಯಿಂದ ಹಿಂಗ ಮಲಗ್ಯಾಳ," ಪಿಸುಗುಟ್ಟಿದಳು. "ಊಟಾನೂ ಬ್ಯಾಡ ಅಂದ್ಲು. ಆ ಉಸಿರು ಕೇಳವ್ವಾ... ನನಗ್ಯಾಕೋ ಅಂಜಿಕಿ ಬರಾಕತ್ತೇತಿ."

ಒಳಗೆ ಕಾಲಿಟ್ಟೆ. ಅವ್ವ ಮಾರಲು ಇಟ್ಟ ವೀಳ್ಯದೆಲೆ ಬುಟ್ಟಿಗಳ ಹಸಿ ವಾಸನೆ. ಅದರ ನಡುವೆ ಸಣ್ಣಗೆ ಸ್ಪಿರಿಟ್ ವಾಸನೆ. ನನ್ನ ಸೀರೆಯದ್ದೇ ಇರಬೇಕು ಅಂದುಕೊಂಡೆ.

ಸುಯ್ಯ್... ಟಕ್... ಹುಸ್ಸ್.

ಅದೇ ಅಳತೆ. ನಡುವೆ ಅದೇ ತಡೆ. ಆ ಮಷೀನನ್ನು ಅವ್ವ ಕಂಡವಳೇ ಅಲ್ಲ. ಅವಳ ಗಂಟಲಿನಲ್ಲಿ ಆ 'ಟಕ್' ಎಲ್ಲಿಂದ ಬರುತ್ತಿತ್ತೋ...

ಹೆಗಲು ಹಿಡಿದು ಅಲುಗಿಸಿದೆ. "ಅವ್ವಾ, ನಾ ಬಂದೇನಿ."

ಕಣ್ಣು ತೆರೆಯಲಿಲ್ಲ. ಎರಡು ಉಸಿರಿನ ನಡುವೆ ತುಟಿ ಮಾತ್ರ ಅಲುಗಿತು.

"ಮುಟ್ಟಬ್ಯಾಡ... ಉಸಿರು ತಪ್ಪತೇತಿ."

ಕೈ ಹಿಂತೆಗೆದೆ. ಅವಳ ಆಚೆ ಈಚೆ ನಾವಿಬ್ಬರೂ ಗೋಡೆಗೊರಗಿ ಕುಳಿತೆವು. ಫಾತಿಮಕ್ಕ ಬಾಯಲ್ಲೇ ಏನೋ ಪ್ರಾರ್ಥಿಸುತ್ತಿದ್ದಳು. ನನಗೆ ಅದೂ ಆಗಲಿಲ್ಲ.

ನಸುಕಿನಲ್ಲಿ ಉಸಿರು ನಿಂತಿತು. ಫಾತಿಮಕ್ಕ ಮೂಗಿನ ಬಳಿ ಬೆರಳು ಹಿಡಿದಳು... ಏನೂ ಇಲ್ಲ. ಆಮೇಲೆ ಅವ್ವ ಎಲ್ಲರಂತೆ ಒಂದು ಉಸಿರೆಳೆದು ಮಗ್ಗುಲಾದಳು.

"ಸಾಕಾತು ಅವಗ," ಎಂದು ನಿದ್ದೆಹೋದಳು.

ತಮ್ಮನಿಗೆ ಆರಾಮಾಗಿ ಕೊಳವೆ ತೆಗೆದಿದ್ದಾರೆ ಅಂದುಕೊಂಡೆ. ಕುಳಿತಲ್ಲೇ ನನಗೂ ಕಣ್ಣು ಹತ್ತಿತು.

ಬೆಳಿಗ್ಗೆ ನಮ್ಮ ಓಣಿಯ ಖಾರ-ಚೂಡಾದ ಅಂಗಡಿಯ ಫೋನಿಗೆ ನನಗೆಂದು ಟ್ರಂಕ್ ಕಾಲ್ ಬಂತು. ಗಂಡನ ದನಿ.

"ಶಂಕ್ರಪ್ಪ ಹೋದ. ರಾತ್ರಿಯೆಲ್ಲಾ ಲೈನ್ ಸಿಗಲಿಲ್ಲ."

"ಯಾವಾಗ್ರೀ? ನಸುಕಿನ್ಯಾಗೇನು?"

"ಇಲ್ಲ, ನಿನ್ನೆ ಸಂಜಿಗೇ. ಮಷೀನ್ ಬಂದ್ ಮಾಡೂವಾಗ ನಾ ಅಲ್ಲೇ ಇದ್ದೆ."

ಫೋನು ಇಟ್ಟೆ. ಮನೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ. ಅವ್ವ ಒಲೆ ಹೊತ್ತಿಸಿ ನೀರು ಕಾಯಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು.

"ಯಾವಾಗ ತರ್ತಾರಂತ ಅವನ್ನ?"

ಅಷ್ಟೇ. ಅವಳು ಅಳಲಿಲ್ಲ, ನಾನೂ ಅಳಲಿಲ್ಲ.

ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ಆ ರಾತ್ರಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಲ್ಲಿ ಮಷೀನು ನಿಂತ ಮೇಲೆ, ಇಲ್ಲಿ ನಸುಕಿನ ತನಕ ಅವಳ ಎದೆಯಲ್ಲಿ ಏರಿಳಿದದ್ದು ಯಾರ ಉಸಿರು? ಕೇಳುವ ಧೈರ್ಯ ನನಗಾಗಲಿಲ್ಲ. ಅವಳ ಪಕ್ಕದಲ್ಲಿ ಮಲಗಿದ ಯಾವ ರಾತ್ರಿಯೂ ಸರಿಯಾಗಿ ನಿದ್ದೆ ಬರಲಿಲ್ಲ...