ಮೌಸಿನ ಹಣೆಗೆ ಗಂಧ

ಕತ್ತರಿ ಹುಡುಕಲು ಮೇಜಿನ ಖಾನೆ ಎಳೆದವನಿಗೆ ಮೊನ್ನೆ ಒಂದು ವೈಫೈ ಅಡಾಪ್ಟರ್ ಸಿಕ್ಕಿತು. ಹೆಬ್ಬೆರಳಿನಷ್ಟು ಉದ್ದ, ತುದಿಗೆಲ್ಲ ಕಿಲುಬು. ನಮ್ಮ ಹೊನ್ನಾವರದ ಉಪ್ಪುಗಾಳಿ ಗೇಟಿನ ಚಿಲಕವನ್ನೇ ಬಿಡುವುದಿಲ್ಲ, ಇನ್ನು ಇದು ಯಾವ ಲೆಕ್ಕ. ಎಸೆಯಲೆಂದು ಕೈಯೆತ್ತಿದೆ, ಆಗಲಿಲ್ಲ. ನನ್ನ ಜಾಣತನದ ಕತೆಯೊಂದು ಅದಕ್ಕೆ ಅಂಟಿಕೊಂಡಿದೆ. ನಿಮ್ಮೆದುರು ಹೇಳಿಬಿಟ್ಟರೆ ಸ್ವಲ್ಪ ಹಗುರಾದೀತು.

ಜಾಣತನದ ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನಿದ್ದ ಕಚೇರಿಗೆ ಕಂಪ್ಯೂಟರ್ ಬಂದಾಗ ಅದನ್ನು ಚಾಲೂ ಮಾಡುವ ಗುಂಡಿ ಎಲ್ಲಿದೆಯೆಂದು ಮೊದಲು ಕಂಡುಹಿಡಿದವನು ನಾನು. ಅಷ್ಟಕ್ಕೇ ಊರು ನನ್ನನ್ನು ತಜ್ಞನೆಂದಿತು, ನಾನು ನಂಬಿದೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ಆಗ ನೆನಪಾಗಲಿಲ್ಲ. ನಿವೃತ್ತಿಯಾದ ಮೇಲೂ ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಿದ್ದೆ.

ಗೆಳೆಯ ಮಂಜಣ್ಣ ಪೇಂಟರ್ ಬಂದರಿನ ದೋಣಿಗಳಿಗೆ ಹೆಸರು ಬರೆಯುತ್ತಿದ್ದವನು. ಅವನ ಅಕ್ಷರಕ್ಕೊಂದು ಗುರುತಿತ್ತು. ತಲೆಕಟ್ಟಿನ ಬಲತುದಿಯನ್ನು ಮೀನಿನ ಬಾಲದ ಹಾಗೆ ಮೇಲಕ್ಕೆತ್ತಿ ಬಿಡುತ್ತಿದ್ದ. ದೂರದಿಂದ ದೋಣಿಯ ಹೆಸರು ಓದಲಾಗದಿದ್ದರೂ ಬಾಲ ನೋಡಿ ಬರೆದವರು ಯಾರೆಂದು ಹೇಳಬಹುದಿತ್ತು. ಆಮೇಲೆ ಭಟ್ಕಳದಲ್ಲಿ ಸ್ಟಿಕ್ಕರ್ ಕತ್ತರಿಸುವ ಯಂತ್ರ ಬಂತು, ಅದರ ಹಿಂದೆಯೇ ಮಂಜಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಎಡಗೈಗೆ ಕುಂಚ ಕೊಟ್ಟರೆ ಬಣ್ಣ ಹಲಗೆಗಿಂತ ಲುಂಗಿಗೇ ಹೆಚ್ಚು ಬೀಳುತ್ತಿತ್ತು.

ಅವನ ತಂಗಿ ಕಮಲ ತೀರಿಕೊಂಡ ಮರುವರ್ಷ ಅವಳ ಮಗ ಹೊಸ ದೋಣಿ ಮಾಡಿಸಿ, ತಾಯಿಯ ಹೆಸರನ್ನೇ ಇಡುವುದೆಂದು ನಿಶ್ಚಯಿಸಿದ. ಮೂರೇ ಅಕ್ಷರ, ಸ್ಟಿಕ್ಕರ್ ಹಚ್ಚಿದರೆ ಮುಗಿಯಿತು ಎಂದು ಎಲ್ಲರೂ ಹೇಳಿದರು. ಮಂಜಣ್ಣ ನನ್ನನ್ನು ಕರೆಸಿದ.

‘ಊರ ದೋಣಿಗೆಲ್ಲ ನಾ ಬರ್ದೆ. ತಂಗಿ ಹೆಸ್ರು ಬ್ಯಾರೆಯವ್ರ ಅಕ್ಷರದಲ್ಲಿ ಸಮುದ್ರಕ್ಕೆ ಹೋಗೂದು ಬ್ಯಾಡ. ಎಂತಾರೂ ಮಾಡು.’

ನಾನು ಮಾಡಿದೆ. ಮೌಸನ್ನು ಎತ್ತಿ ಹಿಡಿಯಬೇಕಿಲ್ಲ, ಮೇಜಿನ ಮೇಲೆ ಎಡಗೈ ಊರಿಕೊಂಡು ಎಳೆದರಾಯಿತು. ಗೆರೆ ತಪ್ಪಿದರೆ ಅಳಿಸಿ ಮತ್ತೆ ಎಳೆಯಬಹುದು. ಹಾಗೆ ಬರೆದದ್ದನ್ನು ಭಟ್ಕಳದ ಅಂಗಡಿಗೆ ಕಳಿಸಿದರೆ ಅವನ ಅಕ್ಷರವನ್ನೇ ಕತ್ತರಿಸಿ ಕೊಡುತ್ತಾರೆ. ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಮನೆಯಲ್ಲಿ ಮೂಲೆ ಹಿಡಿದಿದ್ದ ಹಳೆಯ ಕಂಪ್ಯೂಟರನ್ನು ರಿಕ್ಷಾದಲ್ಲಿ ಹೇರಿಕೊಂಡು ಅವನ ಮನೆಗೆ ಹೋದೆ. ದೋಣಿ ನೀರಿಗಿಳಿಯಲು ಹನ್ನೆರಡು ದಿನ ಉಳಿದಿತ್ತು.

ಕಂಪ್ಯೂಟರಿನ ಹಿಂದಿದ್ದ ಮೌಸಿನ ದುಂಡು ತೂತು ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಕುಮಟೆಗೆ ಹೋಗಿ ತಂತಿಯಿಲ್ಲದ ಮೌಸನ್ನೂ, ನೆರೆಮನೆಯ ವೈಫೈ ಹಿಡಿದು ಅಕ್ಷರ ಕಳಿಸಲೆಂದು ಈ ಅಡಾಪ್ಟರನ್ನೂ ತಂದೆ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ್ದರೆ ಅಡಾಪ್ಟರಿನ ಗೊಡವೆಯೇ ಇರುತ್ತಿರಲಿಲ್ಲ. ಆದರೆ ಬಸ್ಸು ಹತ್ತಲು ತಜ್ಞ ಯಾಕೆ ಬೇಕು? ಅಡಾಪ್ಟರ್ ನಡೆಯಲು ಡ್ರೈವರ್ ಎಂಬ ತಂತ್ರಾಂಶ ಬೇಕು, ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಇಂಟರ್ನೆಟ್ ಬರಲು ಅಡಾಪ್ಟರ್ ನಡೆಯಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕೊನೆಗೆ ನೆರೆಮನೆಯ ಕಂಪ್ಯೂಟರಿನಿಂದ ಡ್ರೈವರನ್ನು ಪೆನ್‌ಡ್ರೈವಿನಲ್ಲೇ ತರಬೇಕಾಯಿತು. ಆರು ದಿನ ಹಾಗೆ ಹೋಯಿತು. ಏಳನೆಯ ಸಂಜೆ ಎರಡೂ ನಡೆದವು, ಪರದೆಯ ಮೇಲೆ ಬಾಣ ಓಡಿತು, ಮಂಜಣ್ಣ ಮಗುವಿನಂತೆ ನಕ್ಕ.

ಮರುದಿನ ಬೆಳಿಗ್ಗೆ ಬಾಣ ಮಿಸುಕಲಿಲ್ಲ. ನಾನು ಸೆಲ್ ಬದಲಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಅಡಾಪ್ಟರಿನ ಅಲೆಯೂ ಮೌಸಿನ ಅಲೆಯೂ ಒಂದೇ ದಾರಿಯಲ್ಲಿ ಡಿಕ್ಕಿ ಹೊಡೆಯುತ್ತಿವೆಯೆಂದು ಮಂಜಣ್ಣನಿಗೆ ದೊಡ್ಡ ಭಾಷಣ ಮಾಡಿದೆ. ಎರಡು ದಿನ ಮೇಜಿನ ಕೆಳಗೇ ಕಳೆದೆ. ಮಂಜಣ್ಣ ಕ್ಯಾಲೆಂಡರ್ ನೋಡುವುದು, ನನ್ನನ್ನು ನೋಡುವುದು, ಮತ್ತೆ ಕ್ಯಾಲೆಂಡರ್ ನೋಡುವುದು. ಮೂರನೆಯ ದಿನ ಅವನ ಹೆಂಡತಿ ಶಾರದಕ್ಕ ಚಹಾ ಲೋಟ ಇಟ್ಟು, ಸಂಕೋಚದಿಂದ ಕೇಳಿದಳು.

‘ಹೊಸ ಸಾಮಾನು ಅಂತ ದೇವ್ರ ಮುಂದಿಟ್ಟು ಗಂಧ ಹಚ್ಚಿದ್ದೆ. ಅದ್ರ ಕಣ್ಣು ಕೆಳ್ಗೆ ಅಲ್ವಾ ಇರೂದು? ಹಣೆನೂ ಅಲ್ಲೇ ಅಂದ್ಕಂಡೆ. ಎಂತಾರೂ ಅಡ್ಡ ಬಂತನ?’

ಮೌಸನ್ನು ಮಗುಚಿದೆ. ಹೊಟ್ಟೆಯ ಕೆಂಪು ದೀಪದ ಮೇಲೆ ದುಂಡಗೆ ಒಣಗಿದ ಗಂಧ, ನಡುವೆ ಚಿಟಿಕೆ ಕುಂಕುಮ. ಅವಳ ತರ್ಕದಲ್ಲಿ ಏನೂ ದೋಷವಿರಲಿಲ್ಲ. ಮಗುಚಿ ನೋಡದ ತಜ್ಞನಲ್ಲೇ ದೋಷ. ಶಾರದಕ್ಕ ಸೆರಗಿನ ತುದಿಯಿಂದ ಒರೆಸಿದಳು, ಬಾಣ ಓಡಿತು. ಮಂಜಣ್ಣ ಕೆಮ್ಮು ಬರುವವರೆಗೆ ನಕ್ಕ. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಾನು ಬರೇ ಪೆದ್ದನಾಗಿ ಉಳಿಯುತ್ತೇನೆ. ನಿಲ್ಲಿಸುವ ಹಾಗಿಲ್ಲ.

ಮಂಜಣ್ಣ ಎರಡು ದಿನ ಕೂತು ಎಡಗೈಯಲ್ಲಿ ‘ಕಮಲ’ ಬರೆದ. ಅಳಿಸಿದ, ಬರೆದ. ಗೆರೆ ನಡುಗುತ್ತಿತ್ತು. ಮುಗಿಸಿ ‘ಆತು’ ಎಂದು ಹೋಗಿ ಮಲಗಿದ. ಕಳಿಸಲು ಕೂತ ನನಗೆ ಆ ನಡುಕ ನೋಡಲಾಗಲಿಲ್ಲ. ಬಂದರಿನ ಜನ ನೋಡಿ ಅಯ್ಯೋ ಪಾಪ ಅಂದಾರು ಎಂದು ಸಂಕಟವಾಯಿತು. ಗೆರೆಯನ್ನು ನಯ ಮಾಡುವ ಒಂದು ಆಜ್ಞೆಯಿದೆ, ಒತ್ತಿದೆ. ನಡುಕ ಹೋಯಿತು. ಬಾಲವೂ ಹೋಯಿತು. ಯಾವುದು ನಡುಕ, ಯಾವುದು ಬಾಲ ಎಂದು ತಂತ್ರಾಂಶಕ್ಕೆ ಗೊತ್ತಾಗಲಿಲ್ಲ. ನನಗಾದರೂ ಗೊತ್ತಾಗಬೇಕಿತ್ತು.

ದೋಣಿ ಇಳಿಸುವ ದಿನ ಮಂಜಣ್ಣನನ್ನು ರಿಕ್ಷಾದಲ್ಲಿ ಬಂದರಿಗೆ ಕರೆತಂದೆವು. ಹೆಸರನ್ನು ಬಹಳ ಹೊತ್ತು ನೋಡಿದ.

‘ಚಲೋ ಆತು,’ ಎಂದ. ಆಮೇಲೆ ಕೇಳಿದ, ‘ಯಾರ ಅಕ್ಷರ ಇದು?’

ಸೋದರಳಿಯ ನಗುತ್ತ ನಿಮ್ಮದೇ ಅಲ್ಲವೇ ಎಂದ. ಮಂಜಣ್ಣ ನನ್ನ ಕಡೆ ತಿರುಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮೂರು ವರ್ಷ ಬಿಡಲಿಲ್ಲ. ಅವನ ಮನೆಗೆ ಹೋಗುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, ಮಳೆಯ ಮಾತಾಡಿ ಬರುತ್ತಿದ್ದೆ.

ಮೊನ್ನೆ ಖಾನೆ ಮುಚ್ಚಿದವನು ನೇರ ಅವನ ಮನೆಗೆ ನಡೆದೆ. ಎಲ್ಲ ಹೇಳಿದೆ. ಅವನ ಮನೆಯಲ್ಲೇ ಉಳಿದಿದ್ದ ಕಂಪ್ಯೂಟರಿನಲ್ಲಿ ಅವನು ಬರೆದಿಟ್ಟ ಮೂಲ ಇನ್ನೂ ಇತ್ತು, ತೆರೆದು ತೋರಿಸಿದೆ. ಪರದೆಯ ಮೇಲಿನ ಬಾಲವನ್ನು ಬೆರಳಿನಿಂದ ಮುಟ್ಟಿ ನೋಡಿದ. ಈಗ ಮಳೆಗಾಲ, ದೋಣಿ ದಡದಲ್ಲಿದೆ, ಅಳಿಯ ಬಣ್ಣ ಹೊಡೆಸುತ್ತಿದ್ದಾನೆ. ಹಳೆಯ ಹೆಸರು ಕಿತ್ತಾಗಿದೆ.

ಆ ಮೂಲವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಈ ಸಲ ಬಸ್ಸು ಹತ್ತಿಯೇ ಭಟ್ಕಳಕ್ಕೆ ಹೋದೆ. ಸ್ಟಿಕ್ಕರ್ ಅಂಗಡಿಯವರು ಒಳ್ಳೆಯ ಮನುಷ್ಯ. ಅಕ್ಷರ ನೋಡಿ, ಸಾರ್, ಇದು ನಡುಗುತ್ತಿದೆ, ಸೀದಾ ಮಾಡಿ ಕೊಡಲೇ ಎಂದು ಕೇಳಿದರು. ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೂ ನಾನು ಹೇಳಲಿಲ್ಲ. ಮಂಜಣ್ಣನಿಗೆ ಫೋನ್ ಹಚ್ಚಿ, ಪ್ರಶ್ನೆಯನ್ನು ಅವನಿಗೇ ದಾಟಿಸಿದೆ.

‘ಬ್ಯಾಡ ಅನ್ನು ಮಾರಾಯಾ,’ ಎಂದ. ‘ಅದು ನನ್ನ ಕೈ.’