ಅದೃಷ್ಟವೇ ಎಂದು ಸಾಧಿಸಹೊರಟ ಅಲೀಡಾ ಟೀಚರು

ಅಲೀಡಾ ಸ್ಟ್ರೋಬಂಟ್ಸ್ ಕೆಫೆಯೊಂದಕ್ಕೆ ಮೊದಲ ಸಲ ಕಾಲಿಟ್ಟಿದ್ದು ಐವತ್ತೆರಡನೇ ವಯಸ್ಸಿನಲ್ಲಿ, ಅದೂ ಕೋರ್ಟಿನ ಆದೇಶದ ಮೇಲೆ.

ಡೆಂಡರ್ ಹೊಳೆಯ ದಡದ ಆ ಪುಟ್ಟ ಊರಿನ ತಾಂತ್ರಿಕ ಶಾಲೆಯಲ್ಲಿ ಇಪ್ಪತ್ತೇಳು ವರ್ಷದಿಂದ ಗಣಿತ ಕಲಿಸುತ್ತಿದ್ದವರು ಅವರು. ಮದುವೆಯಾಗಿರಲಿಲ್ಲ. ಊರಿನ ಅರ್ಧಕ್ಕರ್ಧ ಗಂಡಸರು ಅವರ ಕೈಯಲ್ಲಿ ಒಂದಲ್ಲ ಒಂದು ಸಲ ಫೇಲಾದವರೇ. ಹಾಗೆ ಎರಡೆರಡು ಸಲ ಫೇಲಾದವರಲ್ಲಿ ಗುಸ್ತ್ ಒಬ್ಬ. ಈಗ ಅವನು ಸೇತುವೆ ಪಕ್ಕದ, ಬಿಯರ್ ಮಾರುವ ಕೆಫೆಯ ಮಾಲೀಕ. ೧೯೭೬ರ ವಸಂತದಲ್ಲಿ ಪೊಲೀಸರು ಬಂದು ಅವನ ಕೆಫೆಯ ಬಿಂಗೊ ಯಂತ್ರಕ್ಕೆ ಮೊಹರು ಹಾಕಿ ಹೋದರು.

ಷಿಕಾಗೋದಲ್ಲಿ ಹುಟ್ಟಿ, ಅಲ್ಲಿ ಜೂಜಿನ ಯಂತ್ರವೆಂದು ಕಾನೂನಿನ ಕೆಂಗಣ್ಣಿಗೆ ಗುರಿಯಾಗಿ, ಹಡಗೇರಿ ಆಂಟ್ವರ್ಪಿನಲ್ಲಿ ಬಂದಿಳಿದ ಯಂತ್ರ ಅದು. ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಹಲಗೆಯಲ್ಲಿ ಇಪ್ಪತ್ತೈದು ತೂತು, ಒಂದೊಂದಕ್ಕೂ ಒಂದು ಅಂಕಿ. ಎದುರಿನ ದೀಪದ ಫಲಕದಲ್ಲಿ ಅದೇ ಅಂಕಿಗಳು ಐದೈದರ ಸಾಲಿನಲ್ಲಿ. ಐದು ಗುಂಡು ಚಿಮ್ಮಿಸಬೇಕು, ಗುಂಡು ಬಿದ್ದ ತೂತಿನ ಅಂಕಿಗೆ ದೀಪ ಹತ್ತುತ್ತದೆ. ಒಂದೇ ಸಾಲಿನ ಮೂರು ದೀಪ ಹತ್ತಿದರೆ ಗೆಲುವು, ನಾಲ್ಕು ಹತ್ತಿದರೆ ದೊಡ್ಡ ಗೆಲುವು, ಐದೂ ಹತ್ತಿದರೆ ಕೆಫೆ ತುಂಬಾ ಕೂಗಾಟ. ಆಟಕ್ಕೆ ಮುಂಚೆ ಇನ್ನಷ್ಟು ನಾಣ್ಯ ಹಾಕಿದರೆ ಗೆಲುವಿನ ಮೊತ್ತ ಏರಬಹುದು. ಏರದೆಯೂ ಇರಬಹುದು, ಅದು ಯಂತ್ರದ ಮರ್ಜಿ.

ಇದು ಬರೀ ಅದೃಷ್ಟದಾಟ, ಅಂದರೆ ಜೂಜು ಎಂದರು ಪೊಲೀಸರು. ಇಲ್ಲ, ಕೈಚಳಕದ ಆಟ ಎಂದ ಗುಸ್ತನ ವಕೀಲ. ತೀರ್ಮಾನ ಹೇಳಲು ನಿಷ್ಪಕ್ಷಪಾತಿ ತಜ್ಞರೊಬ್ಬರು ಬೇಕೆಂದು ನ್ಯಾಯಾಧೀಶರು ಹುಡುಕಿದಾಗ, ಲೆಕ್ಕವೂ ಬರಬೇಕು, ಕೆಫೆಯ ಗಾಳಿಯೂ ಸೋಕಿರಬಾರದು ಎಂಬ ಎರಡು ಅರ್ಹತೆ ಊರಿನಲ್ಲಿ ಒಬ್ಬರಿಗೇ ಇತ್ತು.

ಮೂರು ತಿಂಗಳ ಗಡುವು. ಪರೀಕ್ಷೆಗಾಗಿ ಮೊಹರು ಒಡೆಯಲಾಯಿತು. ಟೀಚರು ಶಾಲೆ ಬಿಟ್ಟ ಮೇಲೆ ನಾಲ್ಕರಿಂದ ಆರರವರೆಗೆ ಕೋಟು ಕೂಡ ಬಿಚ್ಚದೆ ನಿಂತು ಆಡಿದರು, ಪ್ರತಿ ಗುಂಡು ಬಿದ್ದ ತೂತನ್ನೂ ಬರೆದುಕೊಂಡರು. ಒಂದು ತಿಂಗಳಿಗೆ ಉತ್ತರ ಸಿಕ್ಕಿತು: ಅದೃಷ್ಟ, ಅನುಮಾನವೇ ಇಲ್ಲ.

"ಅಯ್ಯೋ ಟೀಚರ್, ನೀವು ಅದನ್ನ ಮುಟ್ಟೋದೇ ಇಲ್ವಲ್ಲ!" ಗುಸ್ತ್ ಗೋಳಾಡಿದ. "ಬಸ್ಸಿಗೆ ಕಾಯೋರ ಥರ ನಿಂತಿರ್ತೀರ."

"ಮುಟ್ಟಿದ್ರೆ ಏನಾಗತ್ತೋ?"

ಮೂಲೆಯಲ್ಲಿ ಬಿಯರ್ ಹೀರುತ್ತಿದ್ದ ರೆಮಿ ಎದ್ದು ಬಂದ. ದೋಣಿಯಲ್ಲಿ ಮರಳು ಸಾಗಿಸಿ ನಿವೃತ್ತನಾದವನು, ಕೈಗಳು ಸಲಿಕೆಯಷ್ಟಗಲ. ಅಂಗೈಯ ಬುಡವನ್ನು ಯಂತ್ರದ ಅಂಚಿಗೆ ಒತ್ತಿ ತೋರಿಸಿದ. "ದೂಡಬಾರ್ದು, ಟೀಚರ್. ಮಲಗಿರೋ ಮಗೂನ ಆಚೆ ಸರಿಸ್ತೀವಲ್ಲ, ಹಾಗೆ. ಜೋರಾಯ್ತೋ, ಟಿಲ್ಟ್! ದೀಪ ಎಲ್ಲ ಆರೋಗತ್ತೆ."

ಟೀಚರು ಸರಿಸಿದರು. ದೀಪ ಆರಿತು. ಮತ್ತೆ ಸರಿಸಿದರು. ಮತ್ತೆ ಆರಿತು.

"ನನ್ಹತ್ರ ನೀವು ಎರಡು ಸಲ ಫೇಲ್," ಎಂದ ಗುಸ್ತ್. ಅವನು ಜೀವಮಾನವಿಡೀ ಕಾದಿದ್ದ ಮಾತು ಅದು.

ಆ ಮಾತು ಟೀಚರಿಗೆ ನಾಟಿತು. ಮರುದಿನ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಗುಂಡು ತೂತಿನ ಅಂಚಿನಲ್ಲಿ ನಡುಗುತ್ತಾ ನಿಂತಾಗ ಉಸಿರು ಹಿಡಿದು ಅದನ್ನು ಒಳಗೆ ಕರೆಯುವುದನ್ನು ಕಲಿತರು. ಬೇಡದ ತೂತಾದರೆ ಅಲ್ಲಿಂದ ದಾಟಿಸುವುದನ್ನೂ ಕಲಿತರು. ಮೂರು ತಿಂಗಳು ಮುಗಿದಾಗ, ಮಾಹಿತಿ ಸಾಲದೆಂದು ಇನ್ನೂ ಮೂರು ತಿಂಗಳು ಕೇಳಿದರು. ಆಮೇಲೆ ಮತ್ತೂ ಮೂರು. ತಜ್ಞರ ಕೆಲಸ ನಡೆಯುವಷ್ಟು ದಿನ ಯಂತ್ರ ಕೆಫೆಯಲ್ಲೇ ಇರುತ್ತದೆ, ನೋಡುವವರು ಬರುತ್ತಾರೆ, ತಾವೂ ಆಡಿ ಟೀಚರ ಲೆಕ್ಕಕ್ಕೆ ಅಂಕಿ ಬರೆಸುತ್ತಾರೆ, ಬಂದವರು ಕುಡಿಯುತ್ತಾರೆ. ಹಾಗಾಗಿ ಗುಸ್ತನಿಗೂ ವಿಜ್ಞಾನದ ಮೇಲೆ ಭಕ್ತಿ ಹುಟ್ಟಿತು. ಟೀಚರಿಗೆ ಕಾಫಿಯ ಜೊತೆ ಸಾಸಿವೆ ಹಚ್ಚಿದ ಚೀಸ್ ತುಂಡುಗಳನ್ನು ತಾನಾಗಿಯೇ ತಂದಿಡುತ್ತಿದ್ದ. ಅವರು ಸಾಲು ಹೊಡೆದಾಗ ರೆಮಿ ಟೋಪಿ ತೆಗೆಯುತ್ತಿದ್ದ. ಕೆಲಸ ಮುಗಿಯುವ ದಿನ ಬರುವುದೇ ಟೀಚರಿಗೆ ಬೇಡವಾಗಿತ್ತು. ಅದನ್ನು ಅವರು ವರದಿಯಲ್ಲಿ ಬರೆಯಲಿಲ್ಲ.

ಕೊನೆಗೆ ನ್ಯಾಯಾಧೀಶರ ತಾಳ್ಮೆ ಮುಗಿಯಿತು. ನಾಲ್ಕು ಜನ ಯಂತ್ರವನ್ನು ಹೊತ್ತು ನ್ಯಾಯಾಲಯಕ್ಕೆ ತಂದರು. ಟೀಚರು ವರದಿ ಓದಿದರು: ಊರಿನ ಎಲ್ಲ ಆಟಗಾರರ ಫಲಿತಾಂಶವನ್ನು ಒಟ್ಟಿಗೆ ನೋಡಿದರೆ ಇದು ಅದೃಷ್ಟವೇ. ಪ್ರಾಮಾಣಿಕವಾಗಿ ಹಾಗೇ ನಂಬಿದ್ದರು.

"ಒಂದು ಆಟ ಆಡಿ ತೋರಿಸ್ತೀರಾ?" ಎಂದ ಗುಸ್ತನ ವಕೀಲ.

ಕೈ ತಾಗಿಸದೆ ಆಡುವುದೆಂದು ಟೀಚರು ನಿಶ್ಚಯಿಸಿಕೊಂಡೇ ಮುಂದೆ ಹೋದರು. ಮೊದಲೆರಡು ಗುಂಡು ತಾವಾಗಿಯೇ ಒಂದೇ ಸಾಲಿನ ಅಂಕಿಗಳಿಗೆ ಬಿದ್ದವು. ಮೂರನೆಯದು ಹದಿನಾರರ ಅಂಚಿನಲ್ಲಿ ತೂಗಾಡಿತು. ಬಿದ್ದರೆ ಅದೇ ಸಾಲು. ಮನಸ್ಸು ಬೇಡವೆಂದಿತು, ಅಂಗೈ ಕೇಳಲಿಲ್ಲ. ದೀಪ ಹತ್ತಿತು. ನಾಲ್ಕನೆಯದೂ ಹತ್ತಿತು, ಐದನೆಯದೂ.

"ಇದೂ ಅದೃಷ್ಟವೇನಮ್ಮ?" ನ್ಯಾಯಾಧೀಶರು ಕೇಳಿದರು.

"ಅದೃಷ್ಟವೇ, ಸ್ವಾಮಿ."

"ಹಾಗಾದರೆ ಇನ್ನೊಮ್ಮೆ."

ಇನ್ನೊಮ್ಮೆ ಆಡಿದರು, ನಾಲ್ಕು ಬಂತು. ಮತ್ತೊಮ್ಮೆ, ಮತ್ತೆ ನಾಲ್ಕು. ಪ್ರತಿ ಸಲವೂ ಟೀಚರು ಕೆಂಪೇರಿದ ಮುಖದಲ್ಲಿ "ಅದೃಷ್ಟ" ಎಂದರು, ಸಭೆ ನಕ್ಕಿತು. ಆಮೇಲೆ ನ್ಯಾಯಾಧೀಶರೇ ನಿಲುವಂಗಿಯ ತೋಳು ಮಡಿಸಿ ಕೆಳಗಿಳಿದು ಬಂದರು. ಮೊದಲ ಗುಂಡಿಗೇ ಟಿಲ್ಟ್. ಮುಂದಿನ ವಾರದ ತೀರ್ಪು: ಇದು ಕೌಶಲ್ಯದ ಆಟ, ತಜ್ಞರ ವರದಿ ತಿರಸ್ಕೃತ.

ತಮ್ಮ ಉತ್ತರ ತಪ್ಪೆಂದು ಇನ್ನೊಬ್ಬರು ಗೀಟು ಹಾಕಿದ್ದು ಟೀಚರ ಬದುಕಿನಲ್ಲಿ ಅದೇ ಮೊದಲು. ಮನೆಗೆ ಹೋಗುವ ದಾರಿಯಲ್ಲಿ ಅವಮಾನವಾಗಬೇಕಿತ್ತು. ಬದಲಿಗೆ ಸೇತುವೆಯ ಮೇಲೆ ನಿಂತು ಒಬ್ಬರೇ ನಕ್ಕರು.

ಗುಸ್ತ್ ಅಂದು ಊರಿಗೆಲ್ಲ ಬಿಯರ್ ಕುಡಿಸಿದ. ಯಂತ್ರದ ಜೊತೆ ಟೀಚರೂ ಕೆಫೆಗೆ ಮರಳಿದರು. ತಿಂಗಳು ಕಳೆದ ಮೇಲೆ ಗುಸ್ತ್ ಮುಖ ಸಣ್ಣ ಮಾಡಿಕೊಂಡು ಬಂದ. "ಟೀಚರ್, ಪರೀಕ್ಷೆ ನಡೀತಿದ್ದಾಗ ಗೆದ್ದೋರಿಗೆ ನಾನೇನೂ ಕೊಡ್ಬೇಕಿರ್ಲಿಲ್ಲ. ಈಗ ಕೊಡ್ಬೇಕು. ನೀವು ದಿನಾ ಹಿಂಗೆ ಆಡಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಾಗತ್ತೆ."

"ನಂಗೆ ಕೌಶಲ್ಯ ಇದೆ ಅಂತ ಕೋರ್ಟೇ ಹೇಳಿದೆಯಲ್ಲೋ."

"ಅದಕ್ಕೇ ಕೈ ಮುಗೀತಿರೋದು."

ರೆಮಿ ಮಧ್ಯಸ್ಥಿಕೆ ವಹಿಸಿದ. ಗೆದ್ದರೆ ದುಡ್ಡಿಲ್ಲ, ಊಟ: ಬಿಯರಿನಲ್ಲಿ ಬೇಯಿಸಿದ ದನದ ಮಾಂಸ, ಕರಿದ ಆಲೂಗಡ್ಡೆ. ಟೀಚರು ಒಪ್ಪಿದರು. ಮುಂದಿನ ಹದಿನಾಲ್ಕು ವರ್ಷ ಅವರ ಮನೆಯ ಒಲೆ ಹತ್ತಿದ್ದು ಅಪರೂಪ. ಸಂಜೆ ಆರಕ್ಕೆ ರೆಮಿಯ ಎದುರಿನ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದರು. ಒಮ್ಮೊಮ್ಮೆ ಅವನಿಗೂ ಒಂದು ತಟ್ಟೆ ಗೆದ್ದು ಕೊಡುತ್ತಿದ್ದರು. ಹೊಸಬರು ಯಾರಾದರೂ ಬಂದು ಗುಟ್ಟೇನೆಂದು ಕೇಳಿದರೆ, ಆಲೂಗಡ್ಡೆಯನ್ನು ಸಾಸಿನಲ್ಲಿ ಅದ್ದುತ್ತಾ ಹೇಳುತ್ತಿದ್ದರು: "ಗುಟ್ಟು ಏನೂ ಇಲ್ಲಪ್ಪ, ಬರೀ ಅದೃಷ್ಟ. ನಾನು ವರದಿ ಬರ್ದಿದೀನಿ."